ದಿಂಬಿನ ಕೆಳಗಿನ ಎರಡು ಅಡಿಕೆ

ಟ್ರಿಣ್, ಟ್ರಿಣ್.

ಅಡ್ಡ ಬಂದ ಎಮ್ಮೆಯೊಂದನ್ನು ಸರಿಸಲೆಂದು ರಿಕ್ಷಾದವನು ಗಂಟೆ ಬಾರಿಸಿದ್ದ, ಅಷ್ಟೇ. ಎಮ್ಮೆ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹರ್ಷರತ್ನ ಶಾಕ್ಯ ಮಾತ್ರ ತೊಡೆಯ ಮೇಲಿನ ಸಿಹಿಯ ಡಬ್ಬಿಯನ್ನು ಅವಚಿಕೊಂಡು ಅರ್ಧ ಅಡಿ ಹಾರಿದ. ನೇಪಾಳದ ಪಾಟನ್ನಿನಲ್ಲಿ ಅವನು ಗಣಿತ ಕಲಿಸುವ ಶಾಲೆಯ ಗಂಟೆಯೂ ಹೀಗೆಯೇ ಎರಡೆರಡು ಸಲ ಬಡಿಯುತ್ತಿತ್ತು.

“ಏನಾಯ್ತು ರೀ?” ಎಂದಳು ಪಕ್ಕದಲ್ಲಿದ್ದ ಹೆಂಡತಿ ನಾನಿಮಾಯಾ.

“ಏನಿಲ್ಲ. ಗಾಳಿ.”

“ಗಾಳಿಗೆ ಎಮ್ಮೆ ಕೂಡ ಬೆಚ್ಚಿಬೀಳಲ್ಲ.”

“ಇದು ಗಡಿಯ ಗಾಳಿ ಕಣೇ. ಬೇರೆ ಥರ ಇರುತ್ತೆ.”

ಅವರು ಮೇಚಿ ನದಿಯ ಸೇತುವೆಯ ಮೇಲಿದ್ದರು. ಬೆನ್ನಿಗೆ ನೇಪಾಳ, ಎದುರಿಗೆ ಭಾರತ. ಅಲ್ಲಿಂದ ಜೀಪು ಹಿಡಿದರೆ ಸಂಜೆಯೊಳಗೆ ಕಾಲಿಂಪೊಂಗ್. ಅಲ್ಲಿ ಹರ್ಷರತ್ನನ ಅಕ್ಕ ದೀಪಶೋಭಾಳ ಮನೆ.

ಹೊರಡುವ ಹಿಂದಿನ ದಿನದವರೆಗೂ ಇದು ವಿಜಯಯಾತ್ರೆಯಾಗಿತ್ತು. ಶಾಲೆಯ ಹಳೆಯ ಹೆಡ್‌ಮಾಸ್ಟರ್ ನಿವೃತ್ತರಾಗಿದ್ದರು. ಮುಂದಿನವರು ನೀವೇ ಎಂದು ಸಮಿತಿಯವರೆಲ್ಲ ಹರ್ಷರತ್ನನ ಕೈಕುಲುಕಿದ್ದರು. ನಾನಿಮಾಯಾ ಆ ಸಂಜೆಯೇ ಅಂಗಳದ ಸುತ್ತಲಿನ ಮನೆಗಳಿಗೆಲ್ಲ ಸಿಹಿ ಹಂಚಿದಳು, ಕಾಲಿಂಪೊಂಗಿಗೆ ಫೋನು ಮಾಡಿದಳು. ಆಮೇಲೆ, ರಜೆಗೆ ಮುಂಚಿನ ಕೊನೆಯ ದಿನ, ಚಹಾದ ಹೊತ್ತಿನಲ್ಲಿ ಸಮಿತಿಯ ಅಧ್ಯಕ್ಷರು ಬಂದು ಗಂಟಲು ಸರಿಮಾಡಿಕೊಂಡರು. ಕುರ್ಚಿ ಬೇರೊಬ್ಬನ ಪಾಲಾಗಿತ್ತು. ಬೇರೊಬ್ಬ ಎಂದರೆ ಯಾರು? ಏಳನೇ ತರಗತಿಯಲ್ಲಿ ಹರ್ಷರತ್ನನೇ ಭಾಗಾಕಾರ ಕಲಿಸಿದ, ಕಲಿಯದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗ. ಆ ಹುಡುಗ ಬಂದು ಕಾಲು ಮುಟ್ಟಿ “ಆಶೀರ್ವಾದ ಮಾಡಿ ಸರ್” ಎಂದ. ಹರ್ಷರತ್ನ ಆಶೀರ್ವಾದ ಮಾಡಿದ. ಮನೆಗೆ ಹೋದ. ಹೆಂಡತಿಯ ಮುಖ ನೋಡಿದ. ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದ. ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ನಾನಿಮಾಯಾ ಅಸನ್ ಪೇಟೆಯ ವರ್ತಕರ ಮನೆಯ ಮಗಳು. ಮದುವೆಯ ಮಾತುಕತೆಯಲ್ಲಿ ಅವಳ ಅಪ್ಪ “ಬರೀ ಮೇಷ್ಟ್ರಾ?” ಎಂದು ಮೂಗು ಮುರಿದಾಗ, “ಇವತ್ತು ಮೇಷ್ಟ್ರು, ನಾಳೆ ಹೆಡ್‌ಮಾಸ್ಟರ್” ಎಂದು ಒಳಗಿನಿಂದ ಕೂಗಿ ಹೇಳಿದವಳು ಅವಳೇ. ಆ ನಾಳೆಗಾಗಿ ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಇನ್ನು ಅದು ಬರುವುದೇ ಇಲ್ಲ ಎಂದು ಗೊತ್ತಾದರೆ ಏನು ಮಾಡುತ್ತಾಳೋ? ಕೂಗಾಡುವ ಹೆಂಗಸಾಗಿದ್ದರೆ ಅವನಿಗೆ ಇಷ್ಟು ಭಯವಿರುತ್ತಿರಲಿಲ್ಲ. ಅವಳು ಸುಮ್ಮನಾಗುವ ಹೆಂಗಸು. ಅವಳು ಸುಮ್ಮನಾದರೆ ಮನೆಯ ಗಡಿಯಾರವೂ ಮೆಲ್ಲಗೆ ನಡೆಯುತ್ತಿತ್ತು.

ಸೇತುವೆಯ ನಟ್ಟನಡುವೆ ಹರ್ಷರತ್ನ ಮನಸ್ಸಿನಲ್ಲೇ ಒಂದು ಘೋರ ಪ್ರತಿಜ್ಞೆ ಮಾಡಿದ. ಈ ನಿರಾಶೆಯನ್ನು ನೇಪಾಳದಲ್ಲೇ ಇಳಿಸಿ ಹೋಗುತ್ತೇನೆ. ಪರದೇಶದ ನೆಲದಲ್ಲಿ ನನ್ನ ಮುಖದ ಮೇಲೆ ದುಃಖದ ಒಂದು ಗೆರೆ ಕಂಡರೂ ನಾನು ಶಾಕ್ಯರ ಮಗನಲ್ಲ. ತಕ್ಕ ಹೊತ್ತು ನೋಡಿ, ಸಿಂಹದ ಹಾಗೆ ಎದೆಯುಬ್ಬಿಸಿ, ಅವಳಿಗೆ ನಾನೇ ಹೇಳುತ್ತೇನೆ.

ಸೇತುವೆ ಮುಗಿದಲ್ಲಿ ತಪಾಸಣೆಯವನು ಕೈ ಅಡ್ಡ ಹಿಡಿದ.

“ಬ್ಯಾಗಲ್ಲೇನಿದೆ?”

“ಬಟ್ಟೆ.”

“ಡಬ್ಬೀಲಿ?”

“ಸಿಹಿ. ಅಕ್ಕನಿಗೆ.”

“ಬೇರೆ ಏನಾದ್ರೂ ಸಾಗಿಸ್ತಿದ್ದೀರಾ?”

ಸಿಂಹದ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. “ಏನೂ ಇಲ್ಲ ಸಾಹೇಬ್ರೇ. ನನ್ನಾಣೆಗೂ ಏನೂ ಇಲ್ಲ. ಬೇಕಾದ್ರೆ ನೋಡ್ಕೊಳ್ಳಿ.”

ಅಷ್ಟು ಹೇಳಿದ್ದಕ್ಕೇ ತಪಾಸಣೆಯವನಿಗೆ ಅನುಮಾನ ಬಂದು, ಬ್ಯಾಗನ್ನು ತಳದವರೆಗೂ ಬಿಚ್ಚಿಸಿದ.

ಕಾಲಿಂಪೊಂಗಿನಲ್ಲಿ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗಲೇ ಸಿಂಹ ಬಾಲ ಮುದುರಿಕೊಂಡಿತು. ಅಂಗಳದ ತುಂಬ ಜನ. ಅಕ್ಕನ ಗಂಡ ಉದಯಮಣಿ ಪ್ರಧಾನ್ ಟ್ಯಾಕ್ಸಿ ನಿಲ್ದಾಣದ ಎದುರಿನ ತನ್ನ ಬಟ್ಟೆ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಅವನ ತಾಯಿ, ಹಲ್ಲು ಕಡಿಮೆಯಾಗಿ ಮಾತು ಜಾಸ್ತಿಯಾಗಿದ್ದ ಅಜ್ಜಿ, ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

“ಬಾರೋ ಕಿಜಾ,” ಎಂದಳು ಅಕ್ಕ. ತಮ್ಮನನ್ನು ಕರೆಯುವ ತವರಿನ ಆ ಮಾತು ಅವಳ ನಾಲಗೆಯಲ್ಲಿ ಇನ್ನೂ ಬೆಚ್ಚಗಿತ್ತು. “ಇವತ್ತು ಅಪ್ಪ ಇರಬೇಕಿತ್ತು ಕಣೋ. ಹೆಡ್‌ಮಾಸ್ಟರ್ ಮಗನ್ನ ನೋಡೋಕೆ.”

“ತತಾ, ಅದು ಏನಂದ್ರೆ...” ಎಂದ ಅವನು, ಅಕ್ಕನನ್ನು ಅದೇ ತವರಿನ ಮಾತಲ್ಲಿ ಕರೆಯುತ್ತ.

“ಆಮೇಲೆ ಮಾತು. ಮೊದಲು ಸಗಂ.”

ಸಗಂ ಎಂದರೆ ಅವರಲ್ಲಿ ಬರೀ ತಿಂಡಿಯಲ್ಲ. ಒಳ್ಳೆಯ ಕೆಲಸವೊಂದು ಕೈಗೂಡಿದವನಿಗೆ ಮನೆಯ ಹೆಣ್ಣುಮಗಳು ಹಣೆಗೆ ತಿಲಕವಿಟ್ಟು, ಬೇಯಿಸಿದ ಮೊಟ್ಟೆ, ಒಣಮೀನು, ಸಣ್ಣ ಬಟ್ಟಲಿನಲ್ಲಿ ಮನೆಯಲ್ಲೇ ಇಳಿಸಿದ ಸಾರಾಯಿ ಕೊಟ್ಟು ಹರಸುವುದು. ದೇವರು ನೋಡುತ್ತಿರುತ್ತಾನೆ. ಇಲ್ಲಿ ಅಜ್ಜಿಯೂ ನೋಡುತ್ತಿದ್ದಳು. ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ಮೀನು ಹಿಡಿದು ಹರ್ಷರತ್ನ ಗಡಗಡ ನಡುಗಿದ. ಆ ಮೀನಿನ ಕಣ್ಣು ಎಲ್ಲ ಗೊತ್ತಿದ್ದವರ ಕಣ್ಣಿನಂತಿತ್ತು.

“ಕೈ ಯಾಕಪ್ಪಾ ನಡುಗುತ್ತೆ?” ಎಂದಳು ಅಜ್ಜಿ. “ನಾನು ಚಿಕ್ಕವಳಿದ್ದಾಗ ನಮ್ಮ ಬೀದೀಲೊಬ್ಬ ಆಗದ ಕೆಲಸಕ್ಕೆ ಸಗಂ ತಗೊಂಡಿದ್ದ. ಒಂದು ತಿಂಗಳು ಹೊಟ್ಟೆ ನಿಲ್ಲಲಿಲ್ಲ.”

“ಈಗ್ಯಾಕಜ್ಜಿ ಆ ಕತೆ?”

“ಸುಮ್ಮನೆ ನೆನಪಾಯ್ತು.”

ಹರ್ಷರತ್ನ ಮೊಟ್ಟೆಯನ್ನು ನುಂಗಿದ. ಅದು ಗಂಟಲಿನಲ್ಲಿ ಸಮಿತಿಯ ಅಧ್ಯಕ್ಷರ ಹಾಗೆ ತುಸು ಹೊತ್ತು ನಿಂತು ಒಳಗೆ ಹೋಯಿತು. ನಾನಿಮಾಯಾ ದೂರದಲ್ಲಿ ನಿಂತು ನಗುತ್ತಿದ್ದಳು. ಆ ನಗು ನೋಡಿ ಅವನು ಬಟ್ಟಲಿನ ಸಾರಾಯಿಯನ್ನೂ ಒಂದೇ ಗುಟುಕಿಗೆ ಮುಗಿಸಿದ.

ಮರುದಿನದಿಂದ ನೆಂಟರ ಮನೆಗಳ ಸುತ್ತಾಟ ಶುರುವಾಯಿತು. ಯಾರ ಮನೆಗೆ ಹೋದರೂ “ಇವರೇ ನಮ್ಮ ಹೆಡ್‌ಮಾಸ್ಟರ್” ಎಂದು ಅಕ್ಕ ಅವನನ್ನು ಮುಂದೆ ತಳ್ಳುತ್ತಿದ್ದಳು. ಓದದ ಮಕ್ಕಳನ್ನೆಲ್ಲ ಹಿಡಿದು ತಂದು ಅವನೆದುರು ನಿಲ್ಲಿಸುತ್ತಿದ್ದರು. ಹರ್ಷರತ್ನ ಬೆನ್ನ ಹಿಂದೆ ಕೈಕಟ್ಟಿಕೊಂಡು “ಶಿಸ್ತು ಮುಖ್ಯ” ಎನ್ನುತ್ತಿದ್ದ. ಮೊದಮೊದಲು ಭಯದಿಂದ ಹಾಗೆನ್ನುತ್ತಿದ್ದವನಿಗೆ ಬರಬರುತ್ತ ಅದರ ರುಚಿ ಹತ್ತಿತು. ಊಟದ ಮನೆಯಲ್ಲಿ ಅನ್ನ ತಡವಾದರೆ “ಸಮಯಪಾಲನೆ” ಎಂದ. ಬೀದಿಯ ನಾಯಿ ಬೊಗಳಿದರೆ “ಗದ್ದಲ ಬೇಡ” ಎಂದ. ಉದಯಮಣಿಯಂತೂ ಬರುವ ಶನಿವಾರ ತಮ್ಮ ಓಣಿಯ ಶಾಲೆಯಲ್ಲಿ ಇವನ ಭಾಷಣವನ್ನೇ ಇಡಿಸಿಬಿಟ್ಟ. ಹಗಲಿಡೀ ಹೆಡ್‌ಮಾಸ್ಟರ್ ಆಗಿದ್ದು, ಹೆಂಡತಿ ಕೋಣೆಗೆ ಬಂದ ಕೂಡಲೇ ಅವನು ಮತ್ತೆ ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಹೇಳಲು ಪ್ರಯತ್ನಿಸಲಿಲ್ಲ ಎಂದಲ್ಲ. ತಾರಸಿಯ ಮೇಲೆ ಅವಳು ಬಟ್ಟೆ ಹರವುತ್ತಿದ್ದಾಗ ಹಿಂದಿನಿಂದ ಹೋಗಿ ನಿಂತ.

“ನಾನಿಮಾಯಾ, ನಿನ್ನ ಹತ್ರ ಒಂದು ಮಾತು ಹೇಳಬೇಕಿತ್ತು.”

“ಗೊತ್ತು. ಹೊಸ ಕುರ್ಚಿಗೆ ದಿಂಬು ಹೊಲಿಸಬೇಕು ಅಂತ ತಾನೇ?”

“...ಹೌದು. ಅದೇ.”

ಇನ್ನೊಮ್ಮೆ ಚಹಾ ಕುಡಿಯುವಾಗ ಬೇರೆ ದಾರಿಯಿಂದ ನುಗ್ಗಿದ. “ಹೆಡ್‌ಮಾಸ್ಟರ್ ಆಗೋದೇ ಜೀವನ ಅಲ್ಲ. ಆಗದೇ ಇರೋರೂ ಬದುಕ್ತಾರೆ. ಚೆನ್ನಾಗೇ ಬದುಕ್ತಾರೆ,” ಎಂದ, ಬೆವರುತ್ತ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಷ್ಟು ವಿನಯ ನೋಡೇ ನಾನಿಮಾಯಾ. ಅಪ್ಪನ ಗುಣ.”

ನಾನಿಮಾಯಾ ಅವನನ್ನೇ ಒಂದು ಗಳಿಗೆ ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಗಳಿಗೆಯಿಂದ ಅವಳು ಸುಮ್ಮನಾದಳು. ಅಥವಾ ಅವನಿಗೆ ಹಾಗೆನ್ನಿಸಿತು. ಅಡುಗೆಮನೆಯಲ್ಲಿ ಅಕ್ಕನ ಜೊತೆ ಪಿಸುಪಿಸು ಮಾತಾಡುತ್ತಿದ್ದವಳು ಅವನು ಬಾಗಿಲಿಗೆ ಬಂದೊಡನೆ ಬಾಯಿ ಮುಚ್ಚುತ್ತಿದ್ದಳು. ಬಡಿಸುವಾಗ “ಇನ್ನೊಂದು ಸ್ವಲ್ಪ” ಎನ್ನಲಿಲ್ಲ. ಒಗೆದ ಅಂಗಿಯ ಗುಂಡಿ ಹಾಕದೆ ಮಡಚಿಟ್ಟಿದ್ದಳು. ಇಷ್ಟು ವರ್ಷದಲ್ಲಿ ಎಂದೂ ಹಾಗಾಗಿರಲಿಲ್ಲ. ಅವಳಿಗೆ ಗೊತ್ತಾಗಿದೆ, ಎಂದು ಹರ್ಷರತ್ನ ಲೆಕ್ಕ ಹಾಕಿದ. ನೇಪಾಳದ ಸಿಮ್ ಇಲ್ಲಿ ಕೆಲಸ ಮಾಡುವುದಿಲ್ಲ, ನಿಜ. ಆದರೆ ಅಕ್ಕನ ಫೋನಿಗೆ ಯಾರಾದರೂ ಮಾಡಿರಬಹುದಲ್ಲ? ಗಣಿತದ ಮೇಷ್ಟ್ರ ಲೆಕ್ಕ. ಎಲ್ಲ ಹೆಜ್ಜೆಯೂ ಸರಿ, ಉತ್ತರವೊಂದೇ ತಪ್ಪು.

ಶುಕ್ರವಾರ ಮಧ್ಯಾಹ್ನ ಊಟವಾಗಿ ಒಂದು ನಿದ್ದೆ ತೆಗೆದು ಎದ್ದಾಗ ಮನೆ ನಿಶ್ಶಬ್ದವಾಗಿತ್ತು. ಕನ್ನಡಕ ಎಲ್ಲೋ ಜಾರಿತ್ತು. ಹುಡುಕುತ್ತ ದಿಂಬನ್ನು ಎತ್ತಿದ. ಕನ್ನಡಕವಿತ್ತು. ಅದರ ಪಕ್ಕದಲ್ಲಿ, ಬಿಳಿಯ ಹಾಸಿಗೆಯ ಮೇಲೆ, ಜೋಡಿಯಾಗಿ, ಎರಡು ಅಡಿಕೆ ಇದ್ದವು.

ಹರ್ಷರತ್ನನ ರಕ್ತ ತಣ್ಣಗಾಯಿತು.

ಬೇರೆ ಯಾರಾದರೂ ಆಗಿದ್ದರೆ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪಾಟನ್ನಿನ ನೇವಾರರ ಮನೆಯಲ್ಲಿ ಬೆಳೆದವನಿಗೆ ಅದು ಸಾಧ್ಯವಿರಲಿಲ್ಲ. ಅವರಲ್ಲಿ ಮದುಮಗಳು ಗಂಡನ ಮನೆಯ ಒಬ್ಬೊಬ್ಬರ ಕೈಗೂ ಅಡಿಕೆ ಕೊಟ್ಟು ಹೊಸಿಲು ದಾಟುತ್ತಾಳೆ. ಮತ್ತು ಹಿಂದಿನ ಕಾಲದಲ್ಲಿ ಗಂಡ ಸಾಕೆನಿಸಿದರೆ ಅವಳಿಗೆ ಕೋರ್ಟು ಬೇಕಿರಲಿಲ್ಲ, ಪಂಚಾಯಿತಿ ಬೇಕಿರಲಿಲ್ಲ, ಜಗಳವೂ ಬೇಕಿರಲಿಲ್ಲ. ಅವನ ದಿಂಬಿನ ಕೆಳಗೆ ಎರಡು ಅಡಿಕೆ ಇಟ್ಟು ಹೊರಟರಾಯಿತು. ಅಡಿಕೆ ಕೊಟ್ಟು ಬಂದವಳು ಅಡಿಕೆ ಇಟ್ಟು ಹೋದಳು, ಮದುವೆ ಅಲ್ಲಿಗೆ ಮುಗಿಯಿತು. ಈಗ ಯಾರೂ ಹಾಗೆ ಮಾಡುವುದಿಲ್ಲ. ಆದರೆ ಹರ್ಷರತ್ನನ ಅಜ್ಜನ ತಮ್ಮನಿಗೆ ಹಾಗಾಗಿತ್ತು. ಆ ಚಿಕ್ಕಜ್ಜ ಸಾಯುವವರೆಗೂ ದಿಂಬಿಲ್ಲದೆ ಮಲಗಿದ.

“ನಾನಿಮಾಯಾ,” ಎಂದು ಕರೆದ. ಮೂಲೆಯಲ್ಲಿದ್ದ ಅವಳ ಬ್ಯಾಗು ಇರಲಿಲ್ಲ. ಗೂಟದ ಮೇಲಿನ ಕೆಂಪು ಶಾಲೂ ಇರಲಿಲ್ಲ.

ಹೊರಗೆ ಅಜ್ಜಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು.

“ಅಜ್ಜಿ, ನಾನಿಮಾಯಾ ಎಲ್ಲಿ?”

“ಹೋದಳು.”

“ಎಲ್ಲಿಗೆ?”

“ಬ್ಯಾಗ್ ತಗೊಂಡು ಹೋದಳಪ್ಪಾ. ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದು.”

“ಏನಾದ್ರೂ ಹೇಳಿದ್ಲಾ?”

“‘ಅವರು ಎದ್ದರೆ ಹೇಳಬೇಡಿ’ ಅಂದಳು.” ಅಜ್ಜಿ ನಾಲಗೆ ಕಚ್ಚಿಕೊಂಡಳು. “ಅಯ್ಯೋ, ಹೇಳಿಬಿಟ್ಟೆ.”

ಹರ್ಷರತ್ನ ಎರಡು ಅಡಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಇಳಿಜಾರು ಬೀದಿಯಲ್ಲಿ ಓಡಿದ. ಅವನ ಎದೆಯೊಳಗೆ ಅದೇ ಒಂದು ಮಾತು ಹೊಡೆದುಕೊಳ್ಳುತ್ತಿತ್ತು: ಕುರ್ಚಿ ಹೋದದ್ದು ಏನೂ ಅಲ್ಲ, ಇವಳು ಹೋದರೆ ನಾನು ಯಾವ ಮನೆಗೆ ಹಿಂತಿರುಗಲಿ? ಟ್ಯಾಕ್ಸಿ ನಿಲ್ದಾಣ ಮುಟ್ಟುವಾಗ ಉಸಿರು ನಿಂತೇ ಹೋಗಿತ್ತು. ಜೀಪುಗಳಿಗೆ ಸೀಟು ಕೊಡುವ ಪೆಂಬಾ ಕಿಟಕಿಯಿಂದ ತಲೆ ಹೊರಹಾಕಿದ.

“ಕೆಂಪು ಶಾಲಿನ ಹೆಂಗಸು, ಕೈಯಲ್ಲಿ ಬ್ಯಾಗು. ನೋಡಿದ್ರಾ?”

“ಸಿಲಿಗುಡಿ ಜೀಪಲ್ಲಿ ಹೋದ್ರು. ಈಗಷ್ಟೇ. ಮುಂದಿನ ಸೀಟೇ ಬೇಕು ಅಂದ್ರು.”

“ಅಳ್ತಿದ್ರಾ?”

“ಕಿತ್ತಳೆ ತಿಂತಿದ್ರು.”

ನಾನಿಮಾಯಾ ದುಃಖವಾದಾಗ ಹಣ್ಣು ತಿನ್ನುವವಳು. ಇನ್ನು ಅನುಮಾನವೇ ಉಳಿಯಲಿಲ್ಲ.

“ಆ ಜೀಪು ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ.”

“ಯಾಕೆ ಮೇಷ್ಟ್ರೇ, ಏನಾದ್ರೂ ಬಿಟ್ಟು ಹೋದ್ರಾ?”

“ನನ್ನನ್ನ.”

ಪೆಂಬಾ ಕಿಟಕಿ ಬಿಟ್ಟು ಹೊರಗೇ ಬಂದ. ಪಕ್ಕದಲ್ಲಿ ಮೋಮೋ ಬೇಯಿಸುತ್ತಿದ್ದ ಹೆಂಗಸು ಒಲೆ ಸಣ್ಣ ಮಾಡಿ ಬಂದಳು. ಹರ್ಷರತ್ನ ಮುಷ್ಟಿ ಬಿಚ್ಚಿ ಅಡಿಕೆ ತೋರಿಸಿದ. ಆಮೇಲೆ ಅವನ ಬಾಯಿಗೆ ತಡೆಯೇ ಇರಲಿಲ್ಲ. ಸಮಿತಿ, ಗಂಟಲು ಸರಿಮಾಡಿದ ಅಧ್ಯಕ್ಷರು, ಬೆಂಚಿನ ಮೇಲೆ ನಿಂತ ಹುಡುಗ, ಸಗಂ, ಸುಳ್ಳು, ದಿಂಬು, ಎಲ್ಲವೂ ಹೊರಬಿತ್ತು.

“ಇದನ್ನ ಇಟ್ಟರೆ ಡೈವೋರ್ಸಾ?” ಪೆಂಬಾ ಅಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. “ನನ್ನ ತಮ್ಮ ಎಷ್ಟು ವರ್ಷದಿಂದ ಕೋರ್ಟಿಗೆ ಅಲೀತಿದಾನೆ. ಎಷ್ಟು ಬೇಕಾಗುತ್ತೆ ಅಡಿಕೆ?”

“ಎರಡು.”

“ಬರೀ ಎರಡೇ?” ಎಂದು ಅವನು ಯೋಚನೆಗೆ ಬಿದ್ದ.

ಮೋಮೋದವಳು ಒಪ್ಪಲಿಲ್ಲ. “ಹೆಡ್‌ಮಾಸ್ಟರ್ ಆಗಲಿಲ್ಲ ಅಂತ ಯಾರಾದ್ರೂ ಬಿಟ್ಟು ಹೋಗ್ತಾರೇನ್ರೀ? ಬೇರೆ ಏನೋ ಇರಬೇಕು. ಕುಡೀತೀರಾ?”

“ಸಗಂ ದಿನ ಒಂದು ಬಟ್ಟಲು.”

“ಹೊಡೀತೀರಾ?”

“ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ.”

“ಹೆಂಡತೀನ?”

“ಹುಡುಗರನ್ನ ತಾಯಿ, ಹುಡುಗರನ್ನ.”

ಗದ್ದಲ ಕೇಳಿ ಎದುರಿನ ಅಂಗಡಿಯಿಂದ ಉದಯಮಣಿ ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದ. ಬಂದವನ ಕಿವಿಗೆ ಮೊದಲು ಬಿದ್ದದ್ದು ಕುರ್ಚಿಯ ಸಂಗತಿ. “ಏನು? ಹೆಡ್‌ಮಾಸ್ಟರ್ ಆಗಲಿಲ್ವಾ?” ಎಂದು ಅವನು ನಿಂತಲ್ಲೇ ನಿಂತ. “ಹಾಗಾದ್ರೆ ನಾಳೆಯ ಭಾಷಣ?”

“ಭಿನಾಜು, ನನ್ನ ಹೆಂಡತಿ ಹೋದಳು.”

“ಅದೂ ಸರಿ,” ಎಂದ ಭಾವ. “ಮೊದಲು ಅದನ್ನ ನೋಡೋಣ.”

ಪೆಂಬಾ ಅಷ್ಟರಲ್ಲಿ ಜೀಪಿನ ಚಾಲಕನಿಗೆ ಫೋನು ಹಚ್ಚಿದ್ದ. “ಗಾಡಿ ಪಕ್ಕಕ್ಕೆ ಹಾಕು. ಮುಂದಿನ ಸೀಟಲ್ಲಿ ಕೆಂಪು ಶಾಲಿನವರಿದ್ದಾರಲ್ಲ, ಅವರಿಗೆ ಕೊಡು. ಗಂಡ ಮಾತಾಡ್ತಾರೆ. ಎಲ್ಲರಿಗೂ ಕೇಳೋ ಹಾಗೆ ಹಾಕು, ಮೇಷ್ಟ್ರ ಧ್ವನಿ ತುಂಬ ಸಣ್ಣಗಾಗಿದೆ.”

ಹರ್ಷರತ್ನ ಎರಡು ಕೈಯಲ್ಲೂ ಫೋನು ಹಿಡಿದುಕೊಂಡ. ಸುತ್ತಲಿನ ಜನ, ಜೀಪು, ಒಲೆಯ ಹೊಗೆ ಎಲ್ಲವೂ ಅವನಿಗೆ ಮಸುಕಾದವು.

“ನಾನಿಮಾಯಾ, ಹೋಗಬೇಡ ಕಣೇ. ನಾನು ಹೆಡ್‌ಮಾಸ್ಟರ್ ಅಲ್ಲ. ಅವರು ಬೇರೆಯವರನ್ನ ಮಾಡಿದ್ರು. ಮನೆಗೆ ಬಂದಾಗ ನಿನ್ನ ಮುಖದಲ್ಲಿ ದೀಪ ಹಚ್ಚಿಟ್ಟ ಹಾಗಿತ್ತು. ಅದನ್ನ ಊದಿ ಆರಿಸೋಕೆ ನನಗೆ ಬಾಯಿ ಬರಲಿಲ್ಲ. ಅಷ್ಟೇ ತಪ್ಪು ನಂದು. ನಿನ್ನ ಮುಖ ನೋಡ್ಕೊಂಡೇ ನಾನು ಇಷ್ಟು ವರ್ಷ ಆ ಗಂಟೆಗೆ ಎದ್ದು ಹೋಗ್ತಿದ್ದದ್ದು. ನೀನಿಲ್ಲದಿದ್ರೆ ನಾನು ಮೇಷ್ಟ್ರೂ ಅಲ್ಲ.”

ಈ ಕಡೆ ಮೋಮೋದವಳು ಮೂಗೊರೆಸಿಕೊಂಡಳು. ಆ ಕಡೆ, ಕಿತ್ತಳೆ ತುಂಬಿದ ಬಾಯಿಯಿಂದ ಒಂದು ಅಪರಿಚಿತ ಧ್ವನಿ ಬಂತು.

“ಯಾರ್ರೀ ನೀವು? ನನಗಿನ್ನೂ ಮದುವೇನೇ ಆಗಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಅದೇ ಧ್ವನಿ ಹೇಳಿತು: “ಆಗಬೇಕು ಅಂತ ಒಂದಿಷ್ಟು ಆಸೆ ಇತ್ತು. ಅದೂ ಈಗ ಹೋಯ್ತು.”

ಜೀಪಿನ ಹಿಂದಿನ ಸೀಟಿನಿಂದ ಯಾರೋ ಮುದುಕರು “ಪಾಪ, ಕ್ಷಮಿಸಿಬಿಡಮ್ಮ ಅವರನ್ನ” ಎನ್ನುವುದೂ ಕೇಳಿಸಿತು.

ಫೋನು ಪೆಂಬಾನ ಕೈಗೆ ಹೋಯಿತು. ಹರ್ಷರತ್ನನ ಕೈಯಲ್ಲಿ ಅಡಿಕೆ ಮಾತ್ರ ಉಳಿಯಿತು. ಜೀಪಿನಲ್ಲಿ ಇಲ್ಲವೆಂದರೆ ಎಲ್ಲಿ? ಬೇರೆ ಯಾವ ದಾರಿಯಿಂದ ಹೋದಳು? ಭಾವ ಅವನ ತೋಳು ಹಿಡಿದು ಏರುಬೀದಿಯಲ್ಲಿ ಮನೆಗೆ ನಡೆಸಿಕೊಂಡು ಬಂದ. ದಾರಿಯುದ್ದಕ್ಕೂ ಜನ ಅಂಗಡಿಯಿಂದ ಇಣುಕಿ “ಸಿಕ್ಕಿದ್ರಾ?” ಎಂದು ಕೇಳುತ್ತಿದ್ದರು. ಕಾಲಿಂಪೊಂಗಿನಲ್ಲಿ ಸುದ್ದಿ ಜೀಪಿಗಿಂತ ಬೇಗ ಹೋಗುತ್ತದೆ.

ಮನೆಯ ಅಂಗಳದಲ್ಲಿ, ಕೆಂಪು ಶಾಲು ಹೊದ್ದು, ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು, ನಾನಿಮಾಯಾ ಕೂತಿದ್ದಳು.

ಹರ್ಷರತ್ನ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಓಡಿದ ಭಯ ಒಂದು ತೂಕ. ಅವಳ ಆ ಮೌನದೆದುರು ಕೂತ ಭಯ ಇನ್ನೊಂದು ತೂಕ.

“ಬನ್ನಿ,” ಎಂದಳು ಅವಳು ಕೊನೆಗೆ. “ನಾನು ನಿಮ್ಮನ್ನ ಬಿಟ್ಟು ಹೋಗಿದ್ದೀನಂತೆ. ಬಡಗಿ ಅಂಗಡಿಯಿಂದ ಇಲ್ಲಿಗೆ ಬರೋದ್ರಲ್ಲಿ ಎಷ್ಟು ಜನ ಹೇಳಿದ್ರು ಅಂತೀರಿ. ಒಬ್ಬಳು ಕೈ ಹಿಡ್ಕೊಂಡು ಅತ್ತಳು. ಔಷಧಿ ಅಂಗಡಿಯವರು ‘ಗಂಡಸರೆಲ್ಲ ಹೀಗೇ ತಾಯಿ, ವಾಪಸ್ ಹೋಗಿ’ ಅಂದ್ರು. ವಾಪಸ್ಸೇ ಹೋಗ್ತಿದ್ದೀನಲ್ಲಪ್ಪಾ ಅಂದೆ. ‘ದೇವರು ಒಳ್ಳೇದು ಮಾಡ್ಲಿ’ ಅಂದ್ರು.”

ಹರ್ಷರತ್ನ ಅಂಗೈ ಚಾಚಿದ. “ಇದು ದಿಂಬಿನ ಕೆಳಗಿತ್ತು.”

ನಾನಿಮಾಯಾ ಅಡಿಕೆ ನೋಡಿದಳು. ಅವಳೂ ನೇವಾರರ ಮನೆಯಲ್ಲೇ ಬೆಳೆದವಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲು ಮಾತಾಡಿದವಳು ಅಜ್ಜಿ. “ಅಯ್ಯೋ, ನಿನಗೆ ಸಿಕ್ತಾ? ಕೊಡಪ್ಪಾ ಇಲ್ಲಿ.”

ಅಕ್ಕ ದೀಪಶೋಭಾ ಅಡುಗೆಮನೆಯಿಂದ ಸೌಟಿನ ಸಮೇತ ಹೊರಬಂದಳು. “ಅತ್ತೆ, ಅಡಿಕೆ ಮುಟ್ಟಬೇಡಿ ಅಂತ ಡಾಕ್ಟ್ರು ಹೇಳಿಲ್ವಾ?”

“ನಾನೆಲ್ಲಿ ಮುಟ್ಟಿದೆ? ಇಟ್ಟಿದ್ದೆ.”

“ನೆಂಟರ ದಿಂಬೇ ಬೇಕಿತ್ತಾ ಇಡೋಕೆ?”

“ಮತ್ತೇನು ಮಾಡಲಿ? ನನ್ನ ಪೆಟ್ಟಿಗೆ, ಅಕ್ಕಿ ಡಬ್ಬ, ದೇವರ ಗೂಡು, ಎಲ್ಲ ಕಡೆ ಕೈ ಹಾಕ್ತೀಯ. ನೆಂಟರ ದಿಂಬು ಎತ್ತಿ ನೋಡೋವಷ್ಟು ಕೆಟ್ಟಿಲ್ಲ ನನ್ನ ಸೊಸೆ ಅಂತ ನಂಬಿದ್ದೆ.”

ಉದಯಮಣಿ ನಗಲು ಬಾಯಿ ತೆರೆದವನು ನಾನಿಮಾಯಾಳ ಮುಖ ನೋಡಿ ಮುಚ್ಚಿದ. ಅವಳು ಗಂಡನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

“ಹೆಡ್‌ಮಾಸ್ಟರ್ ಆಗಿಲ್ಲ ಅನ್ನೋದು ನಿಜಾನಾ?”

“ನಿಜ.”

“ಯಾರ್ಯಾರಿಗೆ ಹೇಳಿದ್ರಿ?”

ಹರ್ಷರತ್ನ ತಲೆ ತಗ್ಗಿಸಿದ. “ಪೆಂಬಾಗೆ. ಮೋಮೋ ಮಾರೋಳಿಗೆ. ಭಿನಾಜುಗೆ. ಡ್ರೈವರಿಗೆ. ಆಮೇಲೆ... ಕಿತ್ತಳೆ ತಿಂತಾ ಸಿಲಿಗುಡಿಗೆ ಹೋಗ್ತಿದ್ದ ಒಬ್ಬರಿಗೆ.”

“ಕಿತ್ತಳೆ ತಿನ್ನೋಳಿಗೆ ನನಗಿಂತ ಮೊದಲೇ ಗೊತ್ತಾಯ್ತು.” ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಆದ್ರೆ ತುಂಬ ಚೆನ್ನಾಗಿ ಹೇಳಿದ,” ಎಂದ ಉದಯಮಣಿ ತಡೆಯಲಾರದೆ. “ನಿನ್ನ ಮುಖದಲ್ಲಿ ದೀಪ ಹಚ್ಚಿಟ್ಟ ಹಾಗಿತ್ತು ಅಂದ. ನನಗೇ ಕಣ್ಣಲ್ಲಿ ನೀರು ಬಂತು.”

“ದೀಪಾನಾ?” ನಾನಿಮಾಯಾ ಗಂಡನ ಕಡೆ ತಿರುಗಿದಳು. “ಇಷ್ಟು ವರ್ಷದಲ್ಲಿ ನನ್ನ ಹತ್ರ ಒಂದು ದಿನ ಹಾಗಂದಿದ್ದೀರಾ? ಉಪ್ಪು ಕಡಿಮೆ, ಉಪ್ಪು ಜಾಸ್ತಿ, ಇಷ್ಟೇ ನಾನು ಕೇಳಿರೋದು. ದೀಪ ಎಲ್ಲ ಅವಳಿಗೇ ಹೋಯ್ತು.”

“ನೀನೇ ಅಂದ್ಕೊಂಡು ಹೇಳಿದ್ದು.”

“ನಾನು ಎದುರಿಗಿದ್ರೆ ಹೇಳ್ತಿರಲಿಲ್ಲ.”

ಅಜ್ಜಿ ಅವನ ಅಂಗೈಯಿಂದ ಅಡಿಕೆಯೆರಡನ್ನೂ ಎತ್ತಿ ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನೀನು ಹೋಗಿಬಿಟ್ಟೆ ಅಂತ ತುಂಬ ಭಯ ಆಯ್ತು,” ಎಂದ ಹರ್ಷರತ್ನ, ಮೆಟ್ಟಿಲಿಗೆ ಹೇಳುವಂತೆ. “ಆ ಭಯ ಈಗಲೂ ಹೋಗಿಲ್ಲ. ಹೋಗ್ತೀಯಾ?”

ನಾನಿಮಾಯಾ ಬ್ಯಾಗಿನ ಬಾಯಿ ಬಿಚ್ಚಿದಳು. ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಹಲಗೆ ತೆಗೆದು ಅವನ ತೊಡೆಯ ಮೇಲಿಟ್ಟಳು. ಮಾಡಿಸುತ್ತಿದ್ದುದು ಗುಟ್ಟಾಗಿರಲೆಂದೇ ಅಡುಗೆಮನೆಯ ಪಿಸುಮಾತು ನಡೆದಿತ್ತು. ನಯವಾದ ಮರ, ಸುತ್ತಲೂ ಕೆತ್ತಿದ ಬಳ್ಳಿ. ಮೇಲಿನ ಸಾಲಿನಲ್ಲಿ ಹರ್ಷರತ್ನ ಶಾಕ್ಯ. ಕೆಳಗಿನ ಸಾಲಿನಲ್ಲಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ಹೆಡ್‌ಮಾಸ್ಟರ್.

ಅವನು ಅದರ ಮೇಲೆ ಕೈಯಾಡಿಸಿದ. ಅಲ್ಲಿಯವರೆಗೆ ಬಾರದಿದ್ದ ಅಳು ಅಲ್ಲಿ ಬಂತು.

“ಅಳಬೇಡಿ, ಮರ ಉಬ್ಬುತ್ತೆ,” ಎಂದಳು ಅವಳು. “ಇದು ನನಗೆ ಬೇಕು ಅಂತ ಮಾಡಿಸಿದ್ದಲ್ಲ. ನಿಮಗೆ ಬೇಕು ಅಂತ ಮಾಡಿಸಿದ್ದು. ನನ್ನನ್ನ ಕೇಳಿದ್ರೆ, ನೀವು ನಿಜವಾಗಲೂ ಹೆಡ್‌ಮಾಸ್ಟರ್ ಆಗಿದ್ರೆ ನಾನು ಆ ಅಡಿಕೆ ಇಡ್ತಿದ್ದೆನೋ ಏನೋ. ಈ ಮನೇಲಿ ನಾಲ್ಕು ದಿನ ಆಗಿದ್ರಲ್ಲ, ಅಷ್ಟಕ್ಕೇ ತಡೆಯೋಕಾಗಲಿಲ್ಲ. ನಾಯಿಗೂ ಶಿಸ್ತು ಹೇಳಿದ್ರಿ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹರ್ಷರತ್ನನಿಗೆ ತಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಗೊತ್ತಾಗಲಿಲ್ಲ.

“ಈಗ ಏಳಿ,” ಎಂದಳು ನಾನಿಮಾಯಾ. “ಬಡಗಿ ಅಂಗಡಿ ಮುಚ್ಚೋದ್ರೊಳಗೆ ಹೋಗಿ ಕೆಳಗಿನ ಸಾಲು ಕೊಯ್ಯಿಸ್ಕೊಂಡು ಬನ್ನಿ. ಹೆಸರಿಗೆ ಗರಗಸ ತಾಗಬಾರದು. ನಿಲ್ದಾಣದ ಕಡೆಯಿಂದಲೇ ಹೋಗಿ. ಪೆಂಬಾಗೂ ಮೋಮೋದವಳಿಗೂ ನಾನು ಮನೇಲೇ ಇದ್ದೀನಿ ಅಂತ ಹೇಳಿ. ಅಳ್ತಾ ಹೇಳಿದಷ್ಟೇ ಜೋರಾಗಿ ಹೇಳಿ.”

“ನಾನಿಮಾಯಾ, ನಾನು ಒಂದು ಮಾತು...”

“ದೀಪದ ವಿಷಯ ಆದ್ರೆ ಊರಿಗೆ ಹೋದ್ಮೇಲೆ ಹೇಳಿ. ಇಲ್ಲಿ ಎಲ್ಲರೂ ಕೇಳಿಸ್ಕೋತಿದ್ದಾರೆ.”

“ಕಿಜಾ, ಪೂರ್ತಿ ಕೊಯ್ಯಿಸಬೇಡ್ವೋ,” ಅಕ್ಕ ನಡುವೆ ಬಾಯಿ ಹಾಕಿದಳು. “ಅಷ್ಟು ಒಳ್ಳೆ ಮರ. ಅಳಿಸಿ ‘ಗಣಿತ’ ಅಂತ ಬರೆಸಬಹುದು.”

“ಗಣಿತ ಅಂತ ಬಾಗಿಲಿಗೆ ಹಾಕಿದ್ರೆ ಯಾರು ಒಳಗೆ ಬರ್ತಾರೆ?” ಎಂದ ಉದಯಮಣಿ. “ನನ್ನ ಮಾತು ಕೇಳು, ನಾಳೆ ಭಾಷಣ ಇದೆ. ಅದು ಮುಗಿಯೋವರೆಗಾದ್ರೂ ಆ ಸಾಲು ಇರಲಿ. ಶಾಲೆಯವರಿಗೆ ನಾನು ಏನಂತ ಹೇಳಲಿ, ಅವರು ಆಗಲೇ ಹೂಮಾಲೆಗೆ...”

“ಕೊಯ್ದ ತುಂಡನ್ನ ಅಲ್ಲೇ ಬಿಟ್ಟು ಬರಬೇಡಿ ರೀ,” ಎಂದು ನಾನಿಮಾಯಾ ಮೆಟ್ಟಿಲ ತುದಿಯಿಂದ ಕೂಗಿದಳು.

“ಯಾಕೆ?”

“ಒಣ ಮರ. ನೀರು ಕಾಯಿಸೋಕೆ ಆಗುತ್ತೆ.”

ಭಾವ ಹೂಮಾಲೆಯ ಮಾತನ್ನು ಇನ್ನೂ ಮುಗಿಸಿರಲಿಲ್ಲ. ಹರ್ಷರತ್ನ ಹಲಗೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಯಾರಿಗೂ ಉತ್ತರ ಕೊಡದೆ, ಇಳಿಜಾರಿನಲ್ಲಿ ಬಿರಬಿರನೆ ನಡೆದುಬಿಟ್ಟ.